ಸವಿತಾ ನಿಲ್ಲಿಸಿದ ಮಷೀನ್

ನನ್ನ ಹೆಂಡತಿ ಸವಿತಾ ಕಳೆದ ವಾರ ಆಫೀಸಿನ ಮೀಟಿಂಗ್‌ನಲ್ಲಿ ಎದ್ದು ನಿಂತು ಎರಡೇ ಎರಡು ಇಂಗ್ಲಿಷ್ ವಾಕ್ಯ ಹೇಳಿದಳು. ಅದಕ್ಕೇ ಈ ವಾರದ ಅಂಕಣ ಅವಳದ್ದು. (ಹೆಂಡತಿಯನ್ನು ಹೊಗಳಲು ಪತ್ರಿಕೆಯ ಜಾಗ ಬಳಸುತ್ತಿದ್ದೇನೆ ಅನ್ನಿಸಿತೇ? ಹೌದು, ಬಳಸುತ್ತಿದ್ದೇನೆ.)

ಸವಿತಾ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಕೆಲಸದಲ್ಲಿ ಗಟ್ಟಿಗಿತ್ತಿ, ಮಾತಿನಲ್ಲೂ. ಆದರೆ ಈ ಹುದ್ದೆಗೆ ಬಂದಮೇಲೆ ಇಂಗ್ಲಿಷ್‌ನಲ್ಲಿ ರಿಪೋರ್ಟ್ ಕೊಡಬೇಕಾಯಿತು. ರಿಪೋರ್ಟ್ ಅಂದರೇನು? ಆಗಿಹೋದದ್ದನ್ನು ಹೇಳುವುದು. ಅಲ್ಲೇ ತೊಡಕು. ‘ಯೆಸ್ಟರ್ಡೇ ಬೆಲ್ಟ್ ಈಸ್ ಬ್ರೇಕ್’ ಎನ್ನುತ್ತಿದ್ದಳು.

ಹಾಗಾಗಿ ಸಂಜೆ ಸೊಪ್ಪು ಬಿಡಿಸುತ್ತಾ ನಮ್ಮಿಬ್ಬರ ಪಾಠ. ‘ಗೋ’ ಹೋಗಿ ‘ವೆಂಟ್’ ಯಾಕಾಯಿತು? ‘ಕಟ್’ ಮಾತ್ರ ನಿನ್ನೆಯೂ ‘ಕಟ್’ ಯಾಕೆ? ‘ಸುಮ್ನೆ ಬಾಯಿಪಾಠ ಮಾಡು’ ಎನ್ನುತ್ತಿದ್ದೆ. ‘ಡಿಡ್’ ವಿಷಯಕ್ಕಂತೂ ಜಗಳವೇ.

‘ಅಲ್ರೀ, ನಿನ್ನೆ ನಡೆದಿದ್ದು ತಾನೆ? ಡಿಡ್ ನಾಟ್ ಸ್ಟಾಪ್ಡ್ ಅಂದ್ರೆ ಏನ್ ತಪ್ಪು?’

‘ಡಿಡ್ ಅಂದಾಗ್ಲೇ ನಿನ್ನೇದು ಅಂತ ಗೊತ್ತಾಯ್ತಲ್ಲ. ಮತ್ತೆ ಹೇಳೋದ್ಯಾಕೆ?’

‘ನೀವು ಮಾತ್ರ ಒಂದೇ ವಿಷಯಾನ ಎಷ್ಟ್ ಸಲ ಬೇಕಾದ್ರೂ ಬರೀಬೋದು’ ಎಂದಳು.

ಕಳೆದ ವಾರ ಕೊಪ್ಪಳದ ಕಡೆಯ ರೇಣುಕಾ ಎಂಬ ಕೆಲಸಗಾರ್ತಿಯ ಅಂಗಿಯ ತೋಳು ಮಷೀನಿಗೆ ಸಿಕ್ಕಿಕೊಂಡಿತು. ಕೈ ಹತ್ತಿರ ಬಂದರೆ ಸೆನ್ಸರ್‌ನಿಂದ ತಾನಾಗಿಯೇ ನಿಲ್ಲಬೇಕಾದ ಮಷೀನ್ ಅದು. ನಿಲ್ಲಲಿಲ್ಲ. ಸವಿತಾ ಓಡಿಬಂದು ಕೆಂಪು ಬಟನ್ ಒತ್ತಿದಳು. ಅಂಗಿ ಹರಿಯಿತು, ಕೈ ಉಳಿಯಿತು.

ಮರುದಿನ ಪುಣೆಯಿಂದ ಬಂದ ಹಿರಿಯ ಅಧಿಕಾರಿಗೆ ಮ್ಯಾನೇಜರ್ ವಿವರಿಸಿದರು. ‘ದಿ ಮಷೀನ್ ಸ್ಟಾಪ್ಡ್, ಸರ್.’ ಸುಳ್ಳೇನಲ್ಲ, ಮಷೀನ್ ನಿಂತದ್ದು ನಿಜವೇ. ಸೆನ್ಸರ್ ಸರಿಯಾಗಿದೆ ಎಂದುಕೊಂಡ ಅಧಿಕಾರಿ ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೊರಟರು.

ಸವಿತಾ ಎದ್ದಳು. ‘ಸರ್, ಇಟ್ ಡಿಡ್ ನಾಟ್ ಸ್ಟಾಪ್. ಐ ಸ್ಟಾಪ್ಡ್ ಇಟ್.’

ಅಧಿಕಾರಿ ಮೀಟಿಂಗ್ ಬಿಟ್ಟು ಕೆಳಗಿಳಿದು ತಾವೇ ನೋಡಿದರು. ಸೆನ್ಸರ್ ಕೆಟ್ಟಿತ್ತು. ಸರಿಯಾಗುವವರೆಗೆ ಆ ಮಷೀನ್ ಬಂದ್. ಉಳಿದವನ್ನೂ ಪರೀಕ್ಷಿಸಿ ಎಂದರು.

‘ಅಷ್ಟು ಜನರ ಮುಂದೆ ಭಯ ಆಗ್ಲಿಲ್ವಾ?’ ಎಂದು ಕೇಳಿದೆ.

‘ಆಯ್ತು. ಬಾಯಿಗೆ ಡಿಡ್ ನಾಟ್ ಸ್ಟಾಪ್ಡ್ ಅಂತಾನೇ ಬರ್ತಿತ್ತು, ತಡೆದೆ. ನಾಳೆ ಅದೇ ಮಷೀನ್ ಮುಂದೆ ರೇಣುಕಾನೇ ತಾನೆ ನಿಲ್ಲೋದು? ಸುಮ್ನಿರೋಕಾಗುತ್ತಾ?’

ಇಷ್ಟು ವರ್ಷ ಬರೆದ ನಾನು ಇಷ್ಟು ಉಪಯೋಗಕ್ಕೆ ಬರುವ ಎರಡು ವಾಕ್ಯ ಬರೆದಿದ್ದೇನೆಯೇ? ಹೆಮ್ಮೆಯಿಂದ ಎದೆ ಉಬ್ಬುವುದು ಅಂದರೆ ಏನೆಂದು ಅವತ್ತು ಗೊತ್ತಾಯಿತು.

ಕನ್ನಡದಲ್ಲಾದರೆ ನಿಂತಿತು ಬೇರೆ, ನಿಲ್ಲಿಸಿದೆ ಬೇರೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ‘ಸ್ಟಾಪ್ಡ್’. ಮಾಡಿದವರು ಮುಂದೆ ಬಂದು ‘ಐ’ ಎನ್ನದಿದ್ದರೆ ಕೆಲಸ ಮಷೀನಿನ ಲೆಕ್ಕಕ್ಕೆ ಹೋಗುತ್ತದೆ. ಹಾಗಂತ ಕನ್ನಡದ ನಾವೇನು ಕಡಿಮೆಯೇ? ಬಟ್ಟೆ ಒಣಗಿತು, ಮನೆ ಕ್ಲೀನ್ ಆಯಿತು ಎಂದು ಹಾಯಾಗಿರುತ್ತೇವೆ.

ನಿಮ್ಮ ಮನೆಯಲ್ಲಿ ಇವತ್ತು ಅಡುಗೆ ಆಯಿತೋ, ಯಾರಾದರೂ ಮಾಡಿದರೋ?