ಲೆಕ್ಕಕ್ಕೆ ಬಾರದ ನೆರೆ

ಶಿರೆ ನದಿಯ ದಂಡೆಯಲ್ಲಿ ಯಾವ ಊರಿಗೆ ಎಷ್ಟು ಸಲ ನೆರೆ ಬಂದಿದೆಯೆಂದು ಕೇಳಿ ನಕ್ಷೆ ಬರೆಯುವುದು ಗೊಸ್ಟಿನೊನ ಕೆಲಸ. ತನ್ನೂರಿಗೂ ಹೋದ.

“ಎರಡೇ ಸಲ ಕಣೋ,” ಎಂದಳು ಸೋದರತ್ತೆ ಮರೀಟಾ.

“ವರ್ಷಾ ವರ್ಷಾ ಬರ್ತಿತ್ತಲ್ಲತ್ತೆ?”

“ಥೂ, ಅದು ನೆರೆಯೇನೋ? ಹೊಲಕ್ಕೆ ಮೆಕ್ಕಲು ಮಣ್ಣು ಕೊಟ್ಟುಹೋಗೋ ನೆಂಟ! ಉಂಡ ಮನೆ ಜಂತೆ ಎಣಿಸ್ತೀಯಾ?”

ಆ ನೆಂಟ ಬಂದಾಗಲೆಲ್ಲ ಚಿಕ್ಕಂದಿನಲ್ಲಿ ಸೂರಿನ ಮೇಲೆ ಕೂತು ನಡುಗಿದವನೇ ಅವನು. ಆದರೂ ಎರಡೆಂದೇ ಬರೆದ. ಬಿಸಿ ನ್ಸಿಮಾ ಮುದ್ದೆ, ಮೀನು ಕಾಯುತ್ತಿದ್ದವು, ಅತ್ತೆಯೊಡನೆ ವಾದ ಯಾರಿಗೆ ಬೇಕು? ನಕ್ಷೆಯಲ್ಲಿ ಊರು ಹಸಿರಾಯಿತು. ಎಚ್ಚರಿಕೆಯ ಸೈರನ್ನುಗಳೆಲ್ಲ ಕೆಂಪು ಬಳಿದ ಊರುಗಳಿಗೆ ಹೋದವು.

ಮಾರ್ಚಿನ ನೆರೆ ಮರೀಟಾಳ ಗಂಡನನ್ನು ಒಯ್ದಿತು. ಸಂತ್ರಸ್ತರ ಶಿಬಿರದಲ್ಲಿ ತಲೆತಗ್ಗಿಸಿ ನಿಂತ ಗೊಸ್ಟಿನೊನನ್ನು ಅತ್ತೆ ಬೈಯಲಿಲ್ಲ.

“ಮೂರು ಅಂತ ಬರ್ಕೊಳ್ಳಪ್ಪ,” ಎಂದಳು.