ನನ್ನ ಮೆಟಲ್ ಸಿಡಿಗೆ ಸಾರಥಿ ಸಿಕ್ಕರು

ಗೆಳೆಯರೇ, ಇವತ್ತು ಸಂಜೆ ಬಾಜೂ ಮನೆಯ ಮಲ್ಲಪ್ಪ ಕಾಕಾ ನನ್ನ ಸ್ಪೀಕರಿನ ವೈರು ಕೀಳಲೆಂದೇ ಬಂದರು. ನಾನು ಕೇಳುತ್ತಿದ್ದದ್ದು ಸಿಂಫನಿಕ್ ಮೆಟಲ್, ಅಬ್ಬರದ ಗಿಟಾರಿಗೆ ವಾದ್ಯವೃಂದ ಸೇರಿದ ಸಂಗೀತ. ಇಡೀ ಸಿಡಿಗೆ ಒಂದೇ ಕತೆ, ಪಾತ್ರಕ್ಕೊಬ್ಬ ಅತಿಥಿ ಗಾಯಕ.

"ಏನೋ ಇದು? ಓಣ್ಯಾಗ ಮಂದಿ ಇರೂದು ಬ್ಯಾಡೇನು?"

"ದೊಡ್ಡಾಟ ಇದ್ದಂಗ ರೀ ಕಾಕಾ. ಒಬ್ಬೊಬ್ರದು ಒಂದೊಂದು ಪಾತ್ರ" ಎಂದೆ, ವೈರು ಉಳಿಸಿಕೊಳ್ಳಲು.

ಅಷ್ಟೇ ಸಾಕಾಯಿತು. ಕಾಕಾ ಒಂದು ಕಾಲಕ್ಕೆ ಕುಲಗೋಡದ ಕಡೆಯ ದೊಡ್ಡಾಟಗಳಲ್ಲಿ ಸಾರಥಿ. ರಂಗಕ್ಕೆ ಬಂದ ಪ್ರತಿ ಪಾತ್ರದ ಗುರುತು ಕೇಳುವುದೇ ಸಾರಥಿಯ ಕೆಲಸ. ಕುರ್ಚಿ ಎಳೆದುಕೊಂಡು ಕೂತವರು, ಹೊಸ ದನಿ ಬಂದಾಗಲೆಲ್ಲ ಸ್ಪೀಕರಿನತ್ತ ಕೈಚಾಚಿ, "ಭಲಾ! ತಾವು ಯಾರು? ಬಂದಂಥ ಕಾರಣವೇನು?" ಎಂದು ಗರ್ಜಿಸತೊಡಗಿದರು. ಸ್ಪೀಕರು ಉತ್ತರಿಸದಿದ್ದಾಗ ನನ್ನ ಕಡೆ ತಿರುಗಿದರು. ಹಾಡು ನಿಲ್ಲಿಸಿ ನಿಲ್ಲಿಸಿ, ಇಂಗ್ಲಿಷಿಗೆ ಕಿವಿಗೊಟ್ಟು, ಇವಳು ರಾಜನ ಮಗಳು, ಇವನು ಅಂಬಿಗ ಎಂದು ಹೇಳುತ್ತ ಹೋದೆ.

ಆಮೇಲೆ ಸಿಡಿಯಲ್ಲಿ ಗಂಟಲು ಹರಿಯುವಂತೆ ಗುಡುಗುವ ಗಾಯಕ ಬಂದ.

"ಇಂವನ್ನ ಕೇಳೂದ ಬ್ಯಾಡ. ರಾಕ್ಷಸ ಅದಾನ."

"ಅಲ್ರಿ ಕಾಕಾ. ಅಂವ ಸಮುದ್ರ."

"ಸಮುದ್ರಕ್ಕೂ ವೇಷ ಕಟ್ಯಾರ? ಭಲೇ!"

ತಿಂಗಳುಗಟ್ಟಲೆ ಗಿಟಾರಿಗೆ ತಲೆ ಕುಣಿಸಿದ್ದೇ ಬಂತು, ಕತೆ ತಿಳಿದದ್ದು ಇವತ್ತು. ಕಾಕಾ, ನಿಮಗೆ ಶರಣು. ಪರದೇಶದವರು ಅಷ್ಟು ಗಾಯಕರನ್ನು ಕರೆಸಿಯೂ ಒಬ್ಬ ಸಾರಥಿಯನ್ನು ಮರೆತಿದ್ದರು.

ಇಷ್ಟರಲ್ಲಿ ಕಾಕಾನ ಹೆಂಡತಿ ಬಾಗಿಲಿಗೆ ಬಂದರು. "ಸ್ಪೀಕರ್ ಇರ್ಲಿ ತಮ್ಮಾ, ಮದಲ ಇವರ ವೈರ್ ಕೀಳು" ಎಂದರು.