ಹೂವಪ್ಪಣ್ಣನ ಶಾಕಬ್ಸರ್

ಹೂವಪ್ಪಣ್ಣ ಯಾರ ಮನೆಗೆ ಹೋದರೂ ಮೊದಲು ವಿಚಾರಿಸಿಕೊಳ್ಳುತ್ತಿದ್ದುದು ಮನೆಯವರನ್ನಲ್ಲ, ಅಂಗಳದಲ್ಲಿ ನಿಂತ ವಾಹನವನ್ನು. ಜೀಪಾಗಲಿ ಕಾರಾಗಲಿ, ಅದರ ಒಂದು ಮೂಲೆಗೆ ಎರಡೂ ಅಂಗೈ ಊರಿ, ಮೈಭಾರವನ್ನೆಲ್ಲ ಬಿಟ್ಟು ಕೆಳಕ್ಕೆ ಒತ್ತಿ, ತಟ್ಟನೆ ಕೈ ತೆಗೆದು ಹಿಂದೆ ಸರಿದು ನಿಲ್ಲುತ್ತಿದ್ದರು. ವಾಹನ ಒಮ್ಮೆ ಮೇಲೆದ್ದು ಸುಮ್ಮನಾದರೆ ಮೆಚ್ಚಿ ತಲೆಯಾಡಿಸುತ್ತಿದ್ದರು. ಕುಣಿಯುತ್ತಲೇ ಇದ್ದರೆ, "ಇದ್ರ ಶಾಕಬ್ಸರ್ ಸತ್ತು ತಿಥಿನೂ ಆಗಿದೆ ಮಾರಾಯ" ಎಂದು ಮನೆಯೊಡೆಯನಿಗೆ ಸಂತಾಪ ಸೂಚಿಸಿ, ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು.

ಮೂಡಿಗೆರೆಯ ಒಂದು ಮದುವೆಯಲ್ಲಿ ಹೂವಿನ ಅಲಂಕಾರದ ಕಾರಿಗೂ ಈ ಉಪಚಾರ ನಡೆಯಿತು. ಒಳಗೆ ಗಂಡು ಹೆಣ್ಣು ಕೂತಾಗಿತ್ತು, ಹೆಣ್ಣಿನ ತಾಯಿ ಕಿಟಕಿಗೆ ಬಗ್ಗಿ ಅಳುತ್ತಿದ್ದರು. ಹೂವಪ್ಪಣ್ಣ ಹಿಂದಿನಿಂದ ಹೋಗಿ ಡಿಕ್ಕಿಯನ್ನು ಒತ್ತಿಯೇಬಿಟ್ಟರು. ಮದುಮಗನ ಪೇಟ ಟಾಪಿಗೆ ತಾಗಿ ಕಣ್ಣಿನವರೆಗೂ ಇಳಿಯಿತು. ತಾಯಿ ಅಳುವುದನ್ನು ಮರೆತು ತಿರುಗಿ ನೋಡಿದರೆ, ಇವರು ಬಹಳ ಗಂಭೀರವಾಗಿ, "ಹುಡುಗ ಒಳ್ಳೆಯವ್ನೇ ಇರ್ಬಹುದಮ್ಮ, ಕಾರನ್ನ ಮಾತ್ರ ನಂಬ್ಬೇಡಿ. ಘಾಟಿ ಇಳಿಸುವಾಗ ನಿಧಾನ ಅಂತ ಹೇಳಿ" ಅಂದರು. ಆ ಮನೆಯವರು ಮುಂದೆ ಅವರನ್ನು ಯಾವ ಶುಭಕಾರ್ಯಕ್ಕೂ ಮರೆಯದೆ ಕರೆದರು, ಆದರೆ ಕಾರನ್ನು ಮಾತ್ರ ದೂರ ನಿಲ್ಲಿಸುತ್ತಿದ್ದರು.

ಅವರ ಕಾಫಿ ತೋಟ ಕಳಸದ ಹತ್ತಿರ. ಅದರ ಬೇಲಿಗೆ ಅಂಟಿಕೊಂಡೇ ನನ್ನ ಚೂರು ತೋಟ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರಾದರೂ ಸಲಿಗೆಯಲ್ಲಿ ಅಂಥ ಅಂತರವೇನೂ ಇರಲಿಲ್ಲ. ಹೊಸ ಶಾಕಬ್ಸರ್ ಹಾಕಿಸಿದಾಗಲೆಲ್ಲ ನನ್ನನ್ನು ಹಿಂದೆ ಕೂರಿಸಿಕೊಂಡು ತೋಟದ ಕಲ್ಲುದಾರಿಯಲ್ಲಿ ಓಡಿಸಿ, "ಹೆಂಗಿದೆ?" ಎಂದು ಕೇಳುತ್ತಿದ್ದರು. ನಾನು ಸೊಂಟ ಹಿಡಿದುಕೊಂಡು ಸತ್ಯ ಹೇಳಿದರೆ, "ನೀನು ಮೊದ್ಲಿಂದ್ಲೂ ಮೈಗಳ್ಳ" ಎಂದು ತಳ್ಳಿಹಾಕುತ್ತಿದ್ದರು.

ಈ ಹುಚ್ಚು ಅವರಿಗೆ ಸುಮ್ಮನೆ ಹಿಡಿದದ್ದಲ್ಲ. ಅದಕ್ಕೆ ಕಾರಣ ಅವರ ಹೆಂಡತಿ ಲೀಲಕ್ಕ. ಒಂದು ಮಳೆಗಾಲ ಕಳೆದ ಮೇಲೆ ಲೀಲಕ್ಕನಿಗೆ ಸೊಂಟ ಹಿಡಿಯಿತು. ಡಾಕ್ಟರು ಮದ್ದು ಕೊಟ್ಟು, ಮೈ ಕುಲುಕದ ಹಾಗೆ ನೋಡಿಕೊಳ್ಳಿ ಅಂದರು. ಲೀಲಕ್ಕ ಮನೆಗೆ ಬಂದವರೇ, "ಇನ್ಮೇಲೆ ನಿಮ್ ಜೀಪು ಹತ್ತಲ್ಲ" ಎಂದು ಘೋಷಿಸಿಬಿಟ್ಟರು. ಎಲ್ಲಿಗೆ ಹೋಗುವುದಿದ್ದರೂ ಬಸ್ಸು.

ಜೀಪಿರುವ ಸಾಹುಕಾರರ ಹೆಂಡತಿ ಬಸ್ಸಿಗೆ ಕಾಯುತ್ತ ನಿಲ್ಲುವುದೆಂದರೆ ನಮ್ಮ ಕಡೆ ಸಣ್ಣ ಸುದ್ದಿಯಲ್ಲ. ಹೂವಪ್ಪಣ್ಣ ಹೆಂಡತಿಯನ್ನು ಒಬ್ಬಳನ್ನೇ ಕಳಿಸಲಾರರು, ಬಸ್ಸು ಹತ್ತಲು ಮನಸ್ಸು ಒಪ್ಪದು. ಹಾಗಾಗಿ ಬಸ್ಸಿನ ಹಿಂದೆ ಖಾಲಿ ಜೀಪು ಓಡಿಸಿಕೊಂಡು ಹೋಗುತ್ತಿದ್ದರು. ಬಸ್ಸು ನಿಂತಲ್ಲೆಲ್ಲ ಇವರೂ ನಿಲ್ಲುವರು. ವಾಪಸು ಬರುವಾಗ ತೋಟದ ಗೇಟಿನ ಬಳಿ ಲೀಲಕ್ಕ ಇಳಿದು, ಕೈಚೀಲವನ್ನು ಜೀಪಿಗಿಟ್ಟು, ತಾವು ಮಾತ್ರ ನಡೆದೇ ಮನೆ ಸೇರುತ್ತಿದ್ದರು. ಚೀಲಕ್ಕೆ ಸೊಂಟವಿಲ್ಲವಲ್ಲ.

ಲೀಲಕ್ಕನ ಬಸ್ಸು ಹೋಗದ ಒಂದು ಜಾಗ ಮಾತ್ರ ಬಾಕಿ ಉಳಿದಿತ್ತು. ಹುಡುಗಿಯಾಗಿದ್ದಾಗ ಅವರು ಚಿಕ್ಕಮಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವರು. ದಿನಾ ಬಟ್ಟೆ ಒಣಹಾಕುವಾಗ ಮಹಡಿಯಿಂದ ಬಾಬಾಬುಡನ್‌ಗಿರಿ ಕಾಣುತ್ತಿತ್ತಂತೆ. ಒಂದು ಸಲವಾದರೂ ಮೇಲೆ ಹತ್ತಿ, ಅಲ್ಲಿಂದ ಆ ಹಾಸ್ಟೆಲು ಕಾಣುತ್ತದೆಯೇ ನೋಡಬೇಕೆಂಬ ಆಸೆ. ಮದುವೆಯಾಗಿ, ಮಗಳು ಹುಟ್ಟಿ, ಆ ಮಗಳ ಮದುವೆಯೂ ಆಗಿ ಹೋಗಿತ್ತು, ಗಿರಿ ಮಾತ್ರ ಆಗಿರಲಿಲ್ಲ. ಹೆಂಡತಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಗಿರಿಗೆ ಹೋಗುವುದು ಹೂವಪ್ಪಣ್ಣನಿಗೆ ಮಾನದ ಪ್ರಶ್ನೆಯಾಗಿಬಿಟ್ಟಿತು.

ಮೊದಲ ಶಾಕಬ್ಸರ್ ತಂದಾಗ ಅವರು ಮಾಡಿದ್ದು ನಾವು ತೋಟದವರು ಮಾತ್ರ ಮಾಡಬಹುದಾದ ತಪ್ಪು. ನಾವು ಮಂಚ ಕೊಂಡರೂ ಎಷ್ಟು ಮೂಟೆ ತಡೆಯುತ್ತದೆ ಎಂದು ಕೇಳುವ ಜನ. ಅಂಗಡಿಯಲ್ಲಿದ್ದವುಗಳಲ್ಲೇ ಅತಿ ಗಟ್ಟಿಯಾದದ್ದನ್ನು, ಹೆಚ್ಚುಕಡಿಮೆ ಲಾರಿಗೆ ಹಾಕುವಂಥದ್ದನ್ನು ಆರಿಸಿ ತಂದರು. ಜೀಪಿಗೆ ಮೂಟೆ ಹೇರಿದರೆ ತೇರಿನ ಗಾಂಭೀರ್ಯ. ಖಾಲಿ ಇದ್ದರೆ ಹಗ್ಗ ಬಿಚ್ಚಿದ ಕರು. ಪರೀಕ್ಷೆಯ ದಿನ ನನ್ನ ತಲೆ ಟಾಪಿನ ಕಂಬಿಗೆ ಬಡಿದು ಊದಿಕೊಂಡಿತು.

ಹೂವಪ್ಪಣ್ಣ ಯೋಚಿಸಿದರು. ಮೂಟೆ ಇದ್ದರೆ ಜೀಪು ಮೆತ್ತಗೆ ಹೋಗುತ್ತದೆ, ಹಾಗಾದರೆ ಮೂಟೆ ಹಾಕಿಕೊಂಡೇ ಗಿರಿಗೆ ಹೋದರಾಯಿತು. ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿಟ್ಟ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳನ್ನು ಹಿಂದೆ ಸಾಲಾಗಿ ಮಲಗಿಸಿ, ಮೇಲೆ ಜಮಖಾನ ಹಾಸಿ, ಹೆಂಡತಿಯನ್ನು ಹೇಗೋ ಒಪ್ಪಿಸಿ ಕೂರಿಸಿದರು. ನಾನು ಜೊತೆಗೆ ಹೊರಟವನು, ಗಂಡಸಾದ್ದರಿಂದ ಮುಂದಿನ ಸೀಟಿನಲ್ಲಿ ಕೂತೆ. ಅವರ ಮನೆಯಲ್ಲಿ ಆ ಸೀಟು ಮೊದಲು ಅವರ ತಂದೆಯದು, ಅವರ ನಂತರ ಯಾರು ಬಂದರೆ ಅವರದು. ಹೆಂಗಸರು ಹಿಂದೆ ಕೂರುವವರು. ಅದನ್ನು ಯಾರೂ ನಿಯಮ ಎಂದು ಹೇಳಿರಲಿಲ್ಲ, ಯಾರೂ ಮೀರಿಯೂ ಇರಲಿಲ್ಲ.

"ಮರಳಿನ ಮೂಟೆ ಹಾಕ್ಬಹುದಿತ್ತಲ್ಲ ಹೂವಪ್ಪಣ್ಣ?" ಎಂದು ನಾನು ಕೇಳಿದೆ.

"ಮರಳು ಹೇರ್ಕೊಂಡು ಗಿರಿ ನೋಡಕ್ಕೆ ಹೋದ್ರೆ ಜನ ನಗಲ್ವಾ?" ಅಂದರು.

ಅವು ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮದೇ ತೋಟದ ಕಾಫಿಯನ್ನೂ ಪರ್ಮಿಟ್ಟಿಲ್ಲದೆ ಎಲ್ಲೆಂದರಲ್ಲಿಗೆ ಸಾಗಿಸುವಂತಿರಲಿಲ್ಲ. ಸೊಂಟದ ಯೋಚನೆಯಲ್ಲಿ ನಮ್ಮಿಬ್ಬರಿಗೂ ಇದು ಹೊಳೆದಿರಲಿಲ್ಲ. ದಾರಿಯ ಚೆಕ್‌ಪೋಸ್ಟಿನಲ್ಲಿ ಒಬ್ಬ ಅಧಿಕಾರಿ ಜಮಖಾನದ ಅಂಚು ಎತ್ತಿ ನೋಡಿ, ಪರ್ಮಿಟ್ ಕೇಳಿದರು.

"ಇದು ಮಾರೋ ಕಾಫಿ ಅಲ್ಲ ಸಾರ್" ಅಂದರು ಹೂವಪ್ಪಣ್ಣ.

"ಮತ್ತೆ ಎಂಥಕ್ಕೆ ತಗೊಂಡು ಹೋಗ್ತಿದ್ದೀರಿ?"

"ನನ್ನ ಹೆಂಡ್ತಿ ಸೊಂಟಕ್ಕೆ."

ಅಧಿಕಾರಿ ತಮ್ಮ ಸರ್ವಿಸಿನಲ್ಲಿ ಕೇಳದ ಸುಳ್ಳಿರಲಿಲ್ಲ, ಆದರೆ ಇದು ಹೊಸದು. ಅವರು ಹಿಂದೆ ಬಗ್ಗಿ, "ಹೌದೇನಮ್ಮ?" ಎಂದು ಕೇಳಿದರು. ಹೂವಪ್ಪಣ್ಣನ ಮಾನವೆಲ್ಲ ಆಗ ಲೀಲಕ್ಕನ ಬಾಯಲ್ಲಿತ್ತು. ಲೀಲಕ್ಕ ಸೆರಗು ಸರಿಮಾಡಿಕೊಂಡು ನಿಧಾನವಾಗಿ ಮೂಟೆಯಿಂದ ಇಳಿದರು. "ನಂಗೆ ಎಂಥದೂ ಗೊತ್ತಿಲ್ಲ ಸಾರ್. ಕಳಸದ ಬಸ್ಸು ಎಷ್ಟೊತ್ತಿಗೆ ಬರುತ್ತೆ?" ಅಂದರು.

ತೋಟದ ಲೆಕ್ಕ ಬರೆಯುವ ರೈಟರು ಕಾಗದಪತ್ರ ತಂದು ನಮ್ಮನ್ನು ಬಿಡಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು, ಲೀಲಕ್ಕ ಮನೆ ಸೇರಿ ಆಗಿತ್ತು. "ಗಿರಿ ಎಲ್ಲಿಗೂ ಓಡಿಹೋಗಲ್ಲ ಬಿಡಿ" ಎಂದು ಗಂಡನಿಗೆ ಊಟ ಬಡಿಸಿದರಂತೆ. ಆ ಮಾತಿನಲ್ಲಿ ಎಷ್ಟು ನಗು ಇತ್ತು, ಎಷ್ಟು ಬೇಸರ ಇತ್ತು ಎಂಬುದು ಹೂವಪ್ಪಣ್ಣನಿಗೆ ತಿಳಿಯಲಿಲ್ಲ.

ಆಮೇಲೆ ವರ್ಷಗಳು ಕಳೆದವು. ಹೂವಪ್ಪಣ್ಣ ಇನ್ನೂ ಎರಡು ಮೂರು ಬಗೆಯ ಶಾಕಬ್ಸರ್ ಹಾಕಿಸಿದರು. ಪ್ರತಿ ಸಲವೂ ಒಂದಕ್ಕಿಂತ ಒಂದು ಗಟ್ಟಿ. ಪ್ರತಿ ಸಲವೂ ಲೀಲಕ್ಕ ಗೇಟಿನವರೆಗೆ ಕೂತು, ಇಳಿದು, ಬಸ್ಸಿನ ಕಡೆ ನಡೆದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಗಿರಿಗೆ ಬರುವ ಪ್ರವಾಸಿಗಳು ಹೆಚ್ಚಿದರು. ಗಿರಿ ದಾರಿಯ ಅತ್ತಿಗುಂಡಿಯ ಕಡೆ ಬಾಡಿಗೆ ಜೀಪುಗಳು ಓಡತೊಡಗಿದವು. ಆ ಜೀಪಿನವರು ಯಾವ ಶಾಕಬ್ಸರ್ ಹಾಕುತ್ತಾರೆ ಎಂದು ನೋಡಿಕೊಂಡು ಬರಲು ಹೂವಪ್ಪಣ್ಣ ನನ್ನನ್ನೂ ಎಳೆದುಕೊಂಡು ಹೋದರು. ಸಾಲಾಗಿ ನಿಂತ ಜೀಪುಗಳನ್ನೆಲ್ಲ ಒತ್ತಿ ಒತ್ತಿ ನೋಡುತ್ತಿದ್ದಾಗ ಒಬ್ಬ ಡ್ರೈವರು, "ಒತ್ತಿದ್ರೆ ಏನ್ ಗೊತ್ತಾಗುತ್ತೆ ಯಜಮಾನ್ರೆ, ಹತ್ತಿ ಕೂತ್ಕೊಳ್ಳಿ" ಅಂದ. ಮುಂದೆ ಪ್ರವಾಸಿಗಳು ತುಂಬಿದ್ದರು. ನಮಗೆ ಸಿಕ್ಕಿದ್ದು ಹಿಂದಿನ ಮೂಲೆ.

ಹೂವಪ್ಪಣ್ಣ ಅಷ್ಟು ವರ್ಷ ಜೀಪು ಇಟ್ಟುಕೊಂಡವರು, ಜೀಪಿನ ಹಿಂದೆ ಒಮ್ಮೆಯೂ ಕೂತವರಲ್ಲ ಎಂಬುದು ನನಗೆ ಹೊಳೆದದ್ದು ಆಗ. ಮೊದಲ ಗುಂಡಿಗೇ ಅವರು ಸೀಟಿನಿಂದ ಎದ್ದು ನನ್ನ ತೊಡೆಯ ಮೇಲೆ ಇಳಿದರು. ಎರಡನೆಯದಕ್ಕೆ ಕನ್ನಡಕ ಹೋಯಿತು. ಆಮೇಲೆ ಕಂಬಿ ಹಿಡಿದು, ಕಣ್ಣು ಮುಚ್ಚಿ ಕೂತರು. ಮೇಲೆ ಎಲ್ಲರೂ ಇಳಿದು ಮೋಡ ನೋಡುತ್ತಿದ್ದರೆ ಇವರು ಜೀಪಿನ ನೆರಳಿನಲ್ಲಿ ನೆಲ ನೋಡುತ್ತ ನಿಂತಿದ್ದರು.

"ಹಿಂದೆ ಕೂತ್ರೆ ಹಿಂಗಾಗುತ್ತಾ ಸತೀಶ?"

"ಹೌದು."

"ನೀನು ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ನೀವು ಮೈಗಳ್ಳ ಅಂದ್ರಿ."

"ಅವ್ಳೂ ಹೇಳಿದ್ಲು ಮಾರಾಯ" ಅಂದರು. ಆಮೇಲೆ, "ನಾನು ಗಿರಿಗೆ ಬಂದಿದ್ದು ಲೀಲಂಗೆ ಹೇಳ್ಬೇಡ. ನಾನೇನೂ ನೋಡಿಲ್ಲ" ಅಂದರು. ನಿಜಕ್ಕೂ ಅವರು ತಲೆಯೆತ್ತಿ ಒಮ್ಮೆಯೂ ಸುತ್ತ ನೋಡಲಿಲ್ಲ. ಹೆಂಡತಿಗಿಂತ ಮೊದಲು ನೋಡಬಾರದೆಂದು ಹಟ ಹಿಡಿದವರ ಹಾಗೆ ನಿಂತಿದ್ದರು. ನನಗೆ ಅವರ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲು.

ಇಳಿಯುವಾಗಲೇ ಚಿಕ್ಕಮಗಳೂರಿನ ಅಂಗಡಿಗೆ ನುಗ್ಗಿದೆವು. ಅಲ್ಲಿಯ ಯುವಕ ನಾಲ್ಕೈದು ಬಗೆ ತೆಗೆದಿಟ್ಟು, "ನಿಮ್ಮ ಉಪಯೋಗ ಏನು ಸಾರ್? ಲೋಡಾ, ಟೂರಿಂಗಾ?" ಎಂದು ಕೇಳಿದ.

"ಹೆಂಡ್ತಿ" ಅಂದರು ಹೂವಪ್ಪಣ್ಣ.

"ಅಂದ್ರೆ ಟೂರಿಂಗ್."

"ಟೂರು ಹೋದ್ರೆ ತಾನೆ ಟೂರಿಂಗು. ಮೂಟೆ ಹೇರಲ್ಲ. ಮೂರು ಜನ, ಕಲ್ಲು ರಸ್ತೆ, ಹಿಂದಿನ ಸೀಟಲ್ಲಿ ಸೊಂಟ ನೋವಿನವ್ರು. ಅದಕ್ಕೆ ಯಾವುದು ಹೇಳು."

ಯುವಕ ಅತಿ ಗಟ್ಟಿಯಾದದ್ದನ್ನು ಪಕ್ಕಕ್ಕೆ ಸರಿಸಿ, ಗ್ಯಾಸ್ ತುಂಬಿದ ಮೆತ್ತನೆಯ ಒಂದು ಜೋಡಿಯನ್ನು ತೋರಿಸಿದ. "ಗ್ಯಾಸ್ ಖಾಲಿಯಾದ್ರೆ ಸಿಲಿಂಡರ್ ತರ ಬುಕ್ ಮಾಡ್ಬೇಕಾ?" ಎಂದು ಹೂವಪ್ಪಣ್ಣ ಒಂದು ಅನುಮಾನ ಎತ್ತಿದರೂ, ಕೊನೆಗೆ ಅದನ್ನೇ ಹಿಂದಿನ ಚಕ್ರಗಳಿಗೆ ಹಾಕಿಸಿದರು. ಮೂಟೆ ಹೊರಲೆಂದು ಹಿಂದಿನ ಸ್ಪ್ರಿಂಗಿಗೆ ಸೇರಿಸಿದ್ದ ಹೆಚ್ಚುವರಿ ಪ್ಲೇಟನ್ನೂ ಬಿಚ್ಚಿಸಿದರು. ಈ ಸಲದ ಪರೀಕ್ಷೆಯಲ್ಲಿ ಜೀಪು ಓಡಿಸಿದವನು ನಾನು, ಹಿಂದೆ ಕೂತವರು ಅವರು. ತೋಟದ ದಾರಿಯಲ್ಲಿ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓಡಿಸಿ ಓಡಿಸಿ ನನಗೆ ಕೈನೋವು ಬಂತು. ಮೆಣಸು ಕೊಯ್ಯುತ್ತಿದ್ದ ಆಳುಗಳು ಏಣಿಯ ಮೇಲಿಂದಲೇ ನಗುತ್ತಿದ್ದರು.

ಆ ಸಂಜೆ ಹೂವಪ್ಪಣ್ಣ ಹೆಂಡತಿಗೆ ಇಷ್ಟೇ ಹೇಳಿದರು. "ನಿಂಗೆ ಎಲ್ಲಿ ನೋಯ್ತಿತ್ತು ಅಂತ ಈಗ ಗೊತ್ತಾಯ್ತು ಲೀಲಾ. ಇನ್ನೊಂದ್ಸಲ ಬಾ. ಮುಂದೇನೇ ಕೂರು."

ಲೀಲಕ್ಕ ಅವರನ್ನೇ ನೋಡಿದರು. "ಬರ್ತೀನಿ. ಸತೀಶ ಓಡಿಸ್ಲಿ. ನೀವು ಹಿಂದೆ ಕೂರಿ" ಅಂದರು.

ಹಾಗೆ ನಾವು ಗಿರಿಗೆ ಹೋದೆವು. ಮುಂದೆ ಲೀಲಕ್ಕ, ಕೊರಳಿಗೆ ಮಫ್ಲರು ಸುತ್ತಿಕೊಂಡು ಹಿಂದೆ ಹೂವಪ್ಪಣ್ಣ. ಅತ್ತಿಗುಂಡಿ ದಾಟಿದ ಮೇಲೆ ಲೀಲಕ್ಕ ನನ್ನ ಕಡೆ ವಾಲಿ ಮೆಲ್ಲಗೆ, "ಆ ಗುಂಡಿ ತಪ್ಪಿಸ್ಬೇಡ" ಅಂದರು. ನಾನು ತಪ್ಪಿಸಲಿಲ್ಲ. ಹಿಂದಿನಿಂದ ನರಳಾಟ ಬರಬೇಕಿತ್ತು. ಬಂದದ್ದು, "ಆಹಾ, ಇನ್ನೊಂದ್ಸಲ ಬಿಡು ಸತೀಶ" ಎಂಬ ಮಾತು. ಲೀಲಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕ ನಗೆಗೆ ಇಡೀ ಜೀಪು ಕುಲುಕಿತು. ಮೇಲೆ ಮಂಜು ಸರಿದಾಗ ಊರು ಕಂಡಿತು, ಹಾಸ್ಟೆಲು ಯಾವುದೆಂದು ಗೊತ್ತಾಗಲಿಲ್ಲ. ಗಂಡ ಹೆಂಡತಿ ಎರಡು ಬೇರೆ ಬೇರೆ ಕಟ್ಟಡ ತೋರಿಸಿ ಬಹಳ ಹೊತ್ತು ಜಗಳವಾಡಿದರು. ಇಳಿಯುವಾಗ ಹೂವಪ್ಪಣ್ಣ, "ಹೆಂಗಿತ್ತು?" ಎಂದು ಕೇಳಿದರು. "ಬಸ್ಸಿಗಿಂತ ಪರವಾಗಿಲ್ಲ" ಅಂದರು ಲೀಲಕ್ಕ. ಆ ಮಾತನ್ನು ಹೂವಪ್ಪಣ್ಣ ಕಳಸದ ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು.

ನಾವು ಮೂವರೂ ಒಟ್ಟಿಗೆ ಗಿರಿ ಹತ್ತಿದ್ದು ಅದೊಂದೇ ಸಲ. ಮುಂದಿನ ಮಳೆಗಾಲ ಮುಗಿಯುವ ಮೊದಲೇ ಹೂವಪ್ಪಣ್ಣ ಹೋಗಿಬಿಟ್ಟರು. ಹಿಂದಿನ ದಿನ ನಮ್ಮ ಮನೆಗೆ ಬಂದಿದ್ದರು, ನನ್ನ ಹಳೆಯ ಕಾರನ್ನು ಒತ್ತಿ ನೋಡಿ, ಎಂದಿನಂತೆ ಸಂತಾಪ ಸೂಚಿಸಿ, ಕಾಫಿ ಕುಡಿದು ಹೋಗಿದ್ದರು. ಅವರಿಲ್ಲದ ಬೇಲಿಯಾಚೆ ನೋಡುವುದು ನನಗೆ ಬಹಳ ದಿನ ಕಷ್ಟವಾಯಿತು.

ಲೀಲಕ್ಕ ಆಮೇಲೆ ಬಸ್ಸು ಹತ್ತಲಿಲ್ಲ. ಎಲ್ಲಿಗಾದರೂ ಹೋಗುವುದಿದ್ದರೆ ನನಗೆ ಹೇಳಿಕಳಿಸುತ್ತಾರೆ, ನಾನು ಹೋಗಿ ಜೀಪು ತೆಗೆಯುತ್ತೇನೆ. ಮೊದಲ ಸಲ ಹಾಗೆ ಹೊರಟಾಗ ಮುಂದಿನ ಬಾಗಿಲು ತೆರೆದು ಹಿಡಿದೆ. ಅವರು ಅದನ್ನು ದಾಟಿ ಹಿಂದಕ್ಕೆ ಹೋಗಿ, ಕಂಬಿ ಹಿಡಿದು ಹತ್ತಿ, ಮೂಲೆಯಲ್ಲಿ ಕೂತರು.

"ಸೊಂಟಕ್ಕೆ ಮುಂದೇನೇ ಒಳ್ಳೇದಲ್ವಾ ಲೀಲಕ್ಕ?" ಅಂದೆ.

"ಮುಂದೆ ಕೂತ್ರೆ ಅವ್ರು ಹಾಕ್ಸಿದ್ದು ಗೊತ್ತೇ ಆಗಲ್ಲ ಕಣೋ" ಅಂದರು. "ನೀನು ಹೊರಡು."